ಪುಟ್ಟನ ವಿಷಯ

ಟೋಕಿಯೊ
ಏಪ್ರಿಲ್ 20

ಪ್ರೀತಿಯ ಅಕ್ಕಾ,

ಮೊನ್ನೆ ಫೋನಿನಲ್ಲಿ ಪುಟ್ಟನ ವಿಷಯ ಹೇಳಿದೆನಲ್ಲ, ಭಾವ ಪಕ್ಕದಲ್ಲೇ ಇದ್ದರು ಅಂತ ಪೂರ್ತಿ ಹೇಳಲಾಗಲಿಲ್ಲ. ಇದನ್ನು ಅವರಿಗೂ ಓದಿಸು.

ಪಿಯುಸಿ ರಿಸಲ್ಟ್ ಬಂದ ರಾತ್ರಿ ಅವನು ಮೆಸೇಜ್ ಹಾಕಿದ್ದ. "ಮಾವ, ನಾನು ಇದ್ದರೆಷ್ಟು, ಬಿಟ್ಟರೆಷ್ಟು." ತಕ್ಷಣ ಫೋನ್ ಮಾಡಿದೆ. ಸಾಯಬೇಕು ಅನ್ನಿಸುತ್ತಿದೆಯೇನೋ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು ಅಕ್ಕಾ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೂಂ" ಅಂದ. ಆಮೇಲೆ ತುಂಬಾ ಅತ್ತ. ಫಿಸಿಕ್ಸ್ ಹೋಗಿದ್ದಕ್ಕಿಂತ, "ನಾಲ್ಕು ಜನರ ಮುಂದೆ ತಲೆ ಎತ್ತದ ಹಾಗೆ ಮಾಡಿದೆ" ಅಂತ ಭಾವ ಅಂದಿದ್ದ ಮಾತು ಅವನಿಗೆ ಜಾಸ್ತಿ ನಾಟಿದೆ.

ಈ ತಲೆ ಎತ್ತಲಾಗದ ಸಂಕಟ ಇಲ್ಲಿ ಜಪಾನಿನಲ್ಲೂ ಇದೆ. ಹೊಸಬರನ್ನು ಭೇಟಿಯಾದರೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕೊಡುತ್ತಾರೆ. ಮೊದಲು ಕಂಪನಿ ಹೆಸರು, ಆಮೇಲೆ ತಮ್ಮ ಹೆಸರು. ಬಂದ ಹೊಸದರಲ್ಲಿ ನನಗೆ ಚೆಂದ ಅನ್ನಿಸಿತ್ತು. ಈಗ, ಆ ಕಂಪನಿಯೇ ಹೋದರೆ ಈ ಮನುಷ್ಯ ಯಾರು ಅಂತ ಯೋಚನೆ ಬರುತ್ತದೆ. 1997ರಲ್ಲಿ ಯಾಮಾಇಚಿ ಅನ್ನುವ ನೂರು ವರ್ಷದ ಷೇರು ಕಂಪನಿ ಮುಳುಗಿತು. ದೊಡ್ಡ ಬ್ಯಾಂಕೂ ಬಿತ್ತು. ಕೊನೆವರೆಗೂ ಇರುತ್ತದೆ ಅಂದುಕೊಂಡ ಕೆಲಸಗಳು ಹೋದವು. ಮರುವರ್ಷ ಇಡೀ ದೇಶದಲ್ಲಿ ಆತ್ಮಹತ್ಯೆಗಳು 30,000 ದಾಟಿದವು. 2011ರವರೆಗೂ ಅದರ ಕೆಳಗೆ ಇಳಿಯಲೇ ಇಲ್ಲ. ಕೆಲಸ ಹೋಗಿದ್ದನ್ನು ಹೆಂಡತಿಗೆ ಹೇಳಲಾಗದೆ, ದಿನಾ ಬೆಳಗ್ಗೆ ಸೂಟ್ ಹಾಕಿಕೊಂಡು ಹೊರಟು ಸಂಜೆವರೆಗೆ ಪಾರ್ಕಿನಲ್ಲಿ ಕೂರುತ್ತಿದ್ದವರಿದ್ದರಂತೆ.

ಮೊದಲು ಇಲ್ಲೂ "ಅವನ ಮನಸ್ಸು ಗಟ್ಟಿ ಇರಲಿಲ್ಲ" ಅಂತಲೇ ಅನ್ನುತ್ತಿದ್ದರು. ತೀರಿಹೋದವರ ಮಕ್ಕಳು, ಹೆಂಡತಿಯರು ಎದ್ದು ನಿಂತು ಮಾತಾಡಿದರು. 2006ರಲ್ಲಿ ಆತ್ಮಹತ್ಯೆ ತಡೆಯೋಕೆ ಅಂತ ಕಾನೂನೇ ಬಂತು. ಇದು ಒಬ್ಬನ ಸಮಸ್ಯೆ ಮಾತ್ರ ಅಲ್ಲ, ಸಮಾಜದ್ದೂ ಹೌದು ಅಂತ ಅದರಲ್ಲಿ ಬರೆದರು. ಸಾಲ, ಕೆಲಸದ ಹೊರೆ ಎಲ್ಲಕ್ಕೂ ಸಹಾಯ ಶುರುವಾಯಿತು. 2019ರ ಹೊತ್ತಿಗೆ ಸಂಖ್ಯೆ ಹತ್ತಿರ ಹತ್ತಿರ 20,000ಕ್ಕೆ ಇಳಿಯಿತು. ಶಾಲೆ ಮಕ್ಕಳದ್ದು ಮಾತ್ರ ಏರಿದೆ. ಅದನ್ನು ಓದಿದಾಗ ಪುಟ್ಟನೇ ಕಣ್ಣ ಮುಂದೆ ಬಂದ.

ಭಾವನದೇ ತಪ್ಪು ಅಂತ ಹೇಳುತ್ತಿಲ್ಲ. ಅವರೂ ಎಸ್‌ಎಸ್‌ಎಲ್‌ಸಿ ಫೇಲಾಗಿ ಅಪ್ಪನ ಕೈಲಿ ಇದೇ ಮಾತು ಕೇಳಿದವರು. ಅವತ್ತು ಹೇಗನ್ನಿಸಿತ್ತು ಅಂತ ಮಗನಿಗೆ ಹೇಳಲಿ, ಅಷ್ಟು ಸಾಕು.

ಮತ್ತೆ ಬರೆಯೋಕೆ ಪರೀಕ್ಷೆ-2 ಇದೆ. ಬರೆಯುವ ವಿಚಾರ ಆಮೇಲೆ. ಸದ್ಯ ಅವನನ್ನು ಒಂಟಿಯಾಗಿ ಬಿಡಬೇಡ. ಈ ವಾರವೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗು. ಜನ ಏನಂತಾರೋ ಅಂತ ನೋಡಬೇಡ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ ಅಂತ, ನಂಬರ್ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫ್ರಿಜ್ ಮೇಲೆ ಬರೆದು ಅಂಟಿಸು. ನಿನಗೆ ಹೇಳುತ್ತೇನೆ ಅಂತ ಅವನಿಗೆ ಹೇಳಿಯೇ ಇದೆಲ್ಲ ಬರೆಯುತ್ತಿದ್ದೇನೆ.

ರಾತ್ರಿ ಭಾವ ಅವನ ಪಕ್ಕ ಕೂತು ಊಟ ಮಾಡಲಿ. ಮಾರ್ಕ್ಸ್ ಮಾತು ಬೇಡ. ಭಾನುವಾರ ನಿಮ್ಮ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ, ಅವನ ಕೈಗೇ ಕೊಡು.

ನಿನ್ನ ತಮ್ಮ