ಟೋಕಿಯೋದ ಆ ಅಜ್ಜಿಗೆ

ಟೋಕಿಯೋದ ಪುಟ್ಟ ಹೋಟೆಲಿನಲ್ಲಿ ನನಗೆ ನಾಟ್ಟೊ ತಿನ್ನಲು ಕಲಿಸಿದ ಅಜ್ಜಿ, ನಿಮ್ಮ ಹೆಸರೂ ಕೇಳದೆ ಬಂದುಬಿಟ್ಟೆ. ಈ ಥ್ಯಾಂಕ್ಸ್ ನಿಮಗೆ.

ಬೆಳಿಗ್ಗೆ 7 ಗಂಟೆ. ಬಾಗಿಲ ಪಕ್ಕದ, ತಿಂಡಿಗೆ ಚೀಟಿ ಕೊಡುವ ಟಿಕೆಟ್ ಮೆಷಿನ್ ಮುಂದೆ ಸುಮ್ನೆ ನಿಂತಿದ್ದೆ. ಎಲ್ಲಾ ಬಟನ್ ಮೇಲೂ ಜಪಾನಿ ಅಕ್ಷರ. ಹಿಂದೆ ನಿಂತಿದ್ದ ನೀವು ಬೇಸರ ಮಾಡಿಕೊಳ್ಳಲಿಲ್ಲ. ಮೊದಲು ದುಡ್ಡು ಹಾಕಬೇಕು, ಆಮೇಲೆ ಬಟನ್ ಒತ್ತಬೇಕು, ಬಂದ ಚೀಟಿಯನ್ನು ಒಳಗೆ ಕೊಡಬೇಕು ಎಂದು ಕೈಸನ್ನೆಯಲ್ಲೇ ತೋರಿಸಿದಿರಿ.

ನಾಟ್ಟೊ ಅಂದರೆ ಬೇಯಿಸಿ ಹುದುಗಿಸಿದ ಸೋಯಾ ಕಾಳು. ವಾಸನೆ ಜೋರು. ಎತ್ತಿದರೆ ಜೇಡರ ಬಲೆಯಂಥ ಎಳೆ. ಮುಟ್ಟಲೂ ನನಗೆ ಧೈರ್ಯ ಇರಲಿಲ್ಲ. ನೀವು ಪಕ್ಕದಲ್ಲೇ ಕೂತು ನಿಮ್ಮ ಬಟ್ಟಲಿನಲ್ಲಿ ಮಾಡಿ ತೋರಿಸಿದಿರಿ. ಚಾಪ್‌ಸ್ಟಿಕ್‌ನಿಂದ ಗರಗರ ತಿರುವಬೇಕು, ನೊರೆ ಬರುವವರೆಗೆ. ಆಮೇಲೆ ಸ್ವಲ್ಪ ಸೋಯಾ ಸಾಸ್, ಚೂರು ಸಾಸಿವೆ. ಬಿಸಿ ಅನ್ನದ ಮೇಲೆ ಸುರಿದರೆ ಆಯಿತು. ಮೊದಲ ತುತ್ತು ಕಷ್ಟವಾಯಿತು ನಿಜ. ಮೂರನೆಯದಕ್ಕೆ ರುಚಿ ಹತ್ತಿತು.

ಇನ್ನೊಂದು ಮಾತು. ನಾನು ಚಾಪ್‌ಸ್ಟಿಕ್ ಅನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಟ್ಟಿದ್ದೆ. ನೀವು ಮೆಲ್ಲಗೆ ತೆಗೆದು ಅಡ್ಡ ಇಟ್ಟಿರಿ. ಅಲ್ಲಿ ಸತ್ತವರಿಗೆ ಅನ್ನ ಇಡುವಾಗ ಹಾಗೆ ಚುಚ್ಚುತ್ತಾರೆ ಅಂತ ಆಮೇಲೆ ತಿಳಿಯಿತು. ಅಷ್ಟು ಜನರ ಮುಂದೆ ನನಗೆ ಚೂರೂ ಅವಮಾನ ಆಗದ ಹಾಗೆ ತಿದ್ದಿದಿರಿ. ಅದನ್ನೇ ಜಾಸ್ತಿ ನೆನೆಯುತ್ತೇನೆ.

ಈಗ ಯಾವ ದೇಶಕ್ಕೆ ಹೋದರೂ ಪಕ್ಕದ ಮೇಜಿನವರು ಹೇಗೆ ತಿನ್ನುತ್ತಾರೆ ಎಂದು ಮೊದಲು ನೋಡುತ್ತೇನೆ. ಗೊತ್ತಾಗದಿದ್ದರೆ ಕೇಳುತ್ತೇನೆ. ತುಂಬಾ ಥ್ಯಾಂಕ್ಸ್, ಅಜ್ಜಿ.