ಬೀಳ್ಕೊಡುಗೆ ರಾತ್ರಿಗೆ ಗಾಡಿಯನ್ನು ಮೊದಲೇ ಗೊತ್ತುಮಾಡಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬರುತ್ತಿದೆ. ಅದಕ್ಕೂ ಮೊದಲು ಬರುವುದು ಬೀಳ್ಕೊಡುಗೆ. ಕಾಲೇಜಿನ ಸಭಾಂಗಣದಲ್ಲಿ ನಡೆಯುವ ಭಾಷಣ, ನೆನಪಿನ ಕಾಣಿಕೆ, ಗ್ರೂಪ್ ಫೋಟೊ ಎಲ್ಲವೂ ಮಧ್ಯಾಹ್ನಕ್ಕೆ ಮುಗಿಯುತ್ತವೆ. ಮಕ್ಕಳು ಕಾದು ಕುಳಿತಿರುವುದು ಅದರ ನಂತರದ ಕಾರ್ಯಕ್ರಮಕ್ಕೆ. ಯಾರದೋ ತೋಟದ ಮನೆ, ಇಲ್ಲವೇ ಎಲ್ಲರೂ ದುಡ್ಡು ಹಾಕಿ ಹಿಡಿದ ಹೋಂಸ್ಟೇ. ಬೆಂಕಿ, ಹಾಡು, ಕುಣಿತ, ಊಟ. ಇದು ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಬರುವುದಿಲ್ಲ. ಹದಿನೇಳರ ಮಕ್ಕಳು ಬೇಡವೆಂದರೂ ಮಾಡುತ್ತಾರೆ. ನಾನು ಕೇಳುವುದು ಇಷ್ಟೇ: ಆ ರಾತ್ರಿ ಅವರು ಮನೆಗೆ ಮರಳುವುದು ಯಾವ ಗಾಡಿಯಲ್ಲಿ, ಅದನ್ನು ಓಡಿಸುವವರು ಯಾರು?

ನಾನು ಗೋಣಿಕೊಪ್ಪದಲ್ಲಿ ಟೆಂಪೊ ಟ್ರಾವೆಲರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುವವನು. ಪ್ರವಾಸಿಗರು, ಮದುವೆಯವರು, ಮೈಸೂರಿನ ಆಸ್ಪತ್ರೆಗೆ ಹೋಗುವವರು ನನ್ನ ಗಿರಾಕಿಗಳು. ಮಗಳು ಈ ವರ್ಷ ದ್ವಿತೀಯ ಪಿಯುಸಿ. ಹಾಗಾಗಿ ಈ ವಿಷಯದಲ್ಲಿ ಸ್ಟಿಯರಿಂಗ್ ಹಿಡಿಯುವವನೂ ನಾನೇ, ಗೇಟಿನ ಬಳಿ ಟಾರ್ಚ್ ಹಿಡಿದು ಕಾಯುವ ಅಪ್ಪನೂ ನಾನೇ.

ಕತ್ತಲಾದ ಮೇಲೆ ದಕ್ಷಿಣ ಕೊಡಗಿನ ಒಳರಸ್ತೆಗಳಲ್ಲಿ ಬಸ್ಸು ಸಿಗುವುದು ಅದೃಷ್ಟ. ರೈಲು ಈ ಜಿಲ್ಲೆಗೆ ಬಂದೇ ಇಲ್ಲ. ಮೊಬೈಲಿನಲ್ಲಿ ಒತ್ತಿದರೆ ಕಾರು ಬಂದು ನಿಲ್ಲಲು ಬಿರುನಾಣಿಯಂಥ ಹಳ್ಳಿ ಬೆಂಗಳೂರಲ್ಲ. ಮೊದಲು ಸಿಗ್ನಲ್ ಬರಬೇಕು. ಆಗ ಹುಡುಗರ ಕಣ್ಣು ಬೀಳುವುದು ತೋಟದ ಜೀಪಿನ ಮೇಲೆ. ಹಗಲೆಲ್ಲ ಕಾಫಿ ಹಣ್ಣಿನ ಚೀಲ ಹೊತ್ತ ಜೀಪು ರಾತ್ರಿ ಮಕ್ಕಳನ್ನು ಹೊರುತ್ತದೆ. 'ನಮ್ಮ ಹುಡುಗ ಎಂಟನೇ ತರಗತಿಯಿಂದಲೇ ಜೀಪು ಓಡಿಸುತ್ತಾನೆ' ಎಂದು ಹೆಮ್ಮೆಪಡುವ ಅಪ್ಪಂದಿರು ಇಲ್ಲಿ ಪ್ರತಿ ಊರಿನಲ್ಲೂ ಸಿಗುತ್ತಾರೆ. ಕಣದಿಂದ ಗೋದಾಮಿಗೆ ಓಡಿಸಿದ ಅನುಭವ ಡಾಂಬರು ರಸ್ತೆಯ ಲೈಸೆನ್ಸ್ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು 199ಎ ಎಂಬ ಕಲಮನ್ನು ಸೇರಿಸಿದ್ದಾರೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಜೈಲು ಎಂದರೆ ನಗುವವರಿಗೂ ಮುಂದಿನ ಕೊಯ್ಲಿಗೆ ಜೀಪು ಶೆಡ್ಡಿನಲ್ಲೇ ನಿಲ್ಲುತ್ತದೆ ಎಂದರೆ ಕಾನೂನು ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ದಾರಿ ಪರಿಚಯದವರ ಬಿಳಿ ಬೋರ್ಡಿನ ಕಾರು. 'ಡೀಸೆಲ್ ಹಾಕಿಸಿ, ಕೈಗೆ ಏನಾದರೂ ಕೊಡಿ' ಎಂಬ ಲೆಕ್ಕ. ಅಗ್ಗವೆಂಬುದು ನಿಜ. ಆದರೆ ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ ಬಾಡಿಗೆ ಓಟಕ್ಕೆ ಅನ್ವಯಿಸುವುದಿಲ್ಲ. ಏನಾದರೂ ಆದರೆ ಕಂಪನಿಯವರು ಮೊದಲು ಎತ್ತುವ ತಕರಾರೇ ಅದು. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ 10,000 ರೂಪಾಯಿ ದಂಡ ಬೇರೆ. ತೆರಿಗೆ, ಪರ್ಮಿಟ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಎಂದು ವರ್ಷವಿಡೀ ಕಟ್ಟುವ ನಮ್ಮಂಥವರಿಗೆ ಇದರ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬಾಡಿಗೆ ಗಿಟ್ಟಿಸಲು ಬರೆದ ಪತ್ರ ಎಂದು ಯಾರಾದರೂ ಅಂದರೆ, ಜನವರಿ ಫೆಬ್ರುವರಿಯ ಶನಿವಾರ ರಾತ್ರಿ ನಮಗೆ ಪ್ರವಾಸಿಗರಿಂದ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದನ್ನು ಗೋಣಿಕೊಪ್ಪದ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕಡೆಯ ಒಂದು ಕುಟುಂಬ ರಜೆಗೆ ಬಂದಾಗಲೆಲ್ಲ ನನ್ನ ಗಾಡಿಯನ್ನೇ ಹಿಡಿಯುತ್ತದೆ. ಅಲ್ಲಿ ಹೈಸ್ಕೂಲಿನ ಕೊನೆಗೆ, ಏಪ್ರಿಲ್ ಮೇ ಹೊತ್ತಿಗೆ, ಪ್ರಾಮ್ ಎಂಬ ನೃತ್ಯದ ರಾತ್ರಿ ಇರುತ್ತದೆಯಂತೆ. ಹೆಚ್ಚಿನ ರಾಜ್ಯಗಳಲ್ಲಿ ಹದಿನಾರರ ಆಸುಪಾಸಿನಲ್ಲೇ ಲೈಸೆನ್ಸ್ ಸಿಗುವ ದೇಶ ಅದು. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಮಕ್ಕಳ ಕೈಗೆ ಕೀ ಕೊಡುವುದಿಲ್ಲ. ನಾಲ್ಕಾರು ಮನೆಯವರು ಸೇರಿ ಡ್ರೈವರ್ ಸಮೇತ ಲಿಮೋಸಿನ್ ಅಥವಾ ಸಣ್ಣ ಬಸ್ಸನ್ನು ಮೊದಲೇ ಕಾಯ್ದಿರಿಸುತ್ತಾರೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರು ತಡರಾತ್ರಿ ಓಡಿಸುವುದಕ್ಕೂ ಗೆಳೆಯರನ್ನು ತುಂಬಿಕೊಳ್ಳುವುದಕ್ಕೂ ಅಲ್ಲಿ ಬಹುತೇಕ ಕಡೆ ಮಿತಿ ಹಾಕಿದ್ದಾರೆ. ಆ ಅಮ್ಮ ತಮ್ಮ ಮಗಳ ಪ್ರಾಮ್ ಫೋಟೊ ತೋರಿಸಿದರು: ಉದ್ದನೆಯ ಕರಿ ಕಾರು, ಅದರ ಪಕ್ಕದಲ್ಲಿ ಕೋಟು ತೊಟ್ಟ ಚಾಲಕ. ಲಿಮೋಸಿನ್ ನಮಗೆ ಬೇಡ. ಮಾಕುಟ್ಟ ಘಾಟಿಯ ತಿರುವಿನಲ್ಲಿ ಅದು ತಿರುಗುವುದೂ ಇಲ್ಲ. ಆದರೆ ಹತ್ತು ಮನೆಯವರು ಸೇರಿ ಒಂದು ಗಾಡಿ ಹಿಡಿಯುವುದು ನಮಗೆ ಹೊಸದೇನಲ್ಲ. ಮದುವೆಗೆ ಹಿಡಿಯುತ್ತೇವೆ, ಧರ್ಮಸ್ಥಳಕ್ಕೆ ಹಿಡಿಯುತ್ತೇವೆ. ಮಕ್ಕಳ ರಾತ್ರಿಗೆ ಮಾತ್ರ 'ಅವರೇ ಹೇಗೋ ಬರುತ್ತಾರೆ ಬಿಡಿ' ಎನ್ನುತ್ತೇವೆ.

ಕಳೆದ ವರ್ಷ ಪಾಲಿಬೆಟ್ಟ ಕಡೆಯ ಒಂದು ಹೋಂಸ್ಟೇಯಿಂದ ಮಕ್ಕಳನ್ನು ಕರೆತರುತ್ತಿದ್ದೆ. ಒಂದು ತಿರುವಿನಲ್ಲಿ ತೋಟದ ಬೇಲಿ ಮುರಿದು ಕಲ್ಲುಕಂಬ ರಸ್ತೆಗೆ ವಾಲಿತ್ತು. ಸಂಜೆ ಹೋಗುವಾಗ ಅದು ನೆಟ್ಟಗಿತ್ತು. ಬ್ರೇಕ್ ಒತ್ತಿ ಲೈಟು ಡಿಮ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮುಂದೆ ಹೆಣ್ಣಾನೆ ಕಂಡಿತು, ಅದರ ಕಾಲಸಂದಿಯಲ್ಲಿ ಮರಿ. ಹಾರ್ನ್ ಮಾಡಬಾರದು, ಹೈಬೀಮ್ ಹಾಕಬಾರದು, ಎಂಜಿನ್ ಆರಿಸದೆ ಮೆಲ್ಲಗೆ ಹಿಂದಕ್ಕೆ ಸರಿಯಬೇಕು. ಈ ಭಾಗದಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತಿರುವ ವಿಷಯ. ಹಿಂದಿನ ಸೀಟಿನ ಹುಡುಗನೊಬ್ಬ ಮೊಬೈಲಿನ ಫ್ಲ್ಯಾಶ್ ಹಾಕಿ ಕಿಟಕಿಯಿಂದ ಕೈ ಹೊರಗೆ ಚಾಚಿದ. ಪಕ್ಕದಲ್ಲಿದ್ದ ಹುಡುಗಿ ಅವನ ಮಣಿಕಟ್ಟು ಹಿಡಿದು ಒಳಗೆಳೆದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಒಂದು ಜೀಪು ಬಂತು. ಹಾಡು ಜೋರು, ಲೈಟು ಪೂರ್ತಿ, ಹಿಂದೆ ನೇತಾಡುವವರು ಬೇರೆ. ನಾನು ಇಂಡಿಕೇಟರ್ ನಾಲ್ಕನ್ನೂ ಹಾಕಿ, ಕಿಟಕಿಯಿಂದ ಟಾರ್ಚ್ ಬೀಸಿದ ಮೇಲೆ ನಿಂತಿತು. ನಿಲ್ಲದಿದ್ದರೆ ನನ್ನ ಗಾಡಿಗೇ ಗುದ್ದುತ್ತಿತ್ತು; ಮುಂದೆ ಆನೆ, ಹಿಂದೆ ಅವರು. ಓಡಿಸುತ್ತಿದ್ದವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಹಾಡು ನಿಲ್ಲಿಸು ಎಂದರೆ ಅವನಿಗೆ ಗುಂಡಿ ಸಿಗುತ್ತಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಆನೆ ತನ್ನ ಪಾಡಿಗೆ ಎದುರಿನ ತೋಟಕ್ಕೆ ಇಳಿದು ಹೋಯಿತು. ಅವರಲ್ಲೊಬ್ಬ ಮರುದಿನ ಅದನ್ನು ಸ್ಟೇಟಸ್ ಹಾಕಿಕೊಂಡನಂತೆ.

ಆದ್ದರಿಂದ ಕಾಲೇಜಿನವರಲ್ಲಿ, ಪೋಷಕರಲ್ಲಿ ಕೆಲವು ಮಾತು. ಗಾಡಿಯನ್ನು ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ ಹಿಡಿಯಿರಿ, ಡ್ರೈವರ್ ಅಲ್ಲೇ ಕಾಯಲಿ. 'ಮುಗಿದ ಮೇಲೆ ಫೋನ್ ಮಾಡುತ್ತೇವೆ' ಎಂಬ ಏರ್ಪಾಡು ನಮ್ಮ ಜಿಲ್ಲೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಸಿಗ್ನಲ್ ಇರುವುದಿಲ್ಲ, ಇದ್ದರೆ ಇಲ್ಲಿ ಡ್ರೈವರ್ ನಿದ್ದೆಯಲ್ಲಿರುತ್ತಾನೆ, ಅಷ್ಟರಲ್ಲಿ ಯಾರದೋ ಸ್ಕೂಟರಿನಲ್ಲಿ ಮೂವರು ಹೊರಟಿರುತ್ತಾರೆ. ಹನ್ನೆರಡು ಸೀಟಿನ ಗಾಡಿಗೆ ಹನ್ನೆರಡೇ ಮಕ್ಕಳು. 'ಮಡಿಲಲ್ಲಿ ಕೂತುಕೊಳ್ಳುತ್ತೇವೆ ಅಂಕಲ್' ಎಂದರೆ ಎರಡನೇ ಗಾಡಿ ಹಿಡಿಯಿರಿ. ಮಕ್ಕಳ ಹೆಸರು, ಇಳಿಯುವ ಗೇಟು, ಅಪ್ಪ ಅಮ್ಮನ ನಂಬರ್ ಒಂದು ಹಾಳೆಯಲ್ಲಿ ಬರೆದು ಕೊಡಿ. ಹಾಳೆ ಎಂದು ಒತ್ತಿ ಹೇಳುತ್ತಿದ್ದೇನೆ, ವಾಟ್ಸ್ಆ್ಯಪ್ ಅಲ್ಲ.

ಯಾರನ್ನು ಯಾವ ಸರದಿಯಲ್ಲಿ ಇಳಿಸಬೇಕು ಎಂಬುದನ್ನು ಪೋಷಕರು ಯೋಚಿಸುವುದೇ ಇಲ್ಲ. ಡೀಸೆಲ್ ಉಳಿಸುವ ಸುತ್ತು ಬೇರೆ, ಮಕ್ಕಳನ್ನು ಬಿಡುವ ಸುತ್ತು ಬೇರೆ. ಕೊನೆಗೆ ಗಾಡಿಯಲ್ಲಿ ಡ್ರೈವರ್ ಮತ್ತು ಒಬ್ಬಳೇ ಹುಡುಗಿ ಉಳಿಯುವಂತೆ ಸುತ್ತು ಹಾಕಬಾರದು. ಡ್ರೈವರ್ ಎಷ್ಟೇ ಒಳ್ಳೆಯವನಾಗಿರಲಿ, ಅವಳ ಮನಸ್ಸಿಗೂ ಮನೆಯವರ ಮನಸ್ಸಿಗೂ ಅದು ಹಿತವಲ್ಲ. ನನ್ನ ಮಗಳ ವಿಷಯದಲ್ಲಿ ನನಗೂ ಹಿತವಲ್ಲ. ಆ ಕಡೆಗೆ ಹೋಗುವವಳು ಅವಳೊಬ್ಬಳೇ ಆದರೆ ಮನೆಯವರಲ್ಲೊಬ್ಬರು ಗಾಡಿಯಲ್ಲೇ ಬರಲಿ, ಮುಂದಿನ ಸೀಟು ಖಾಲಿ ಇಡುತ್ತೇವೆ. ಎಸ್ಟೇಟ್ ಗೇಟಿನಿಂದ ಮನೆ ದೂರ ಇರುವ ಕಡೆ ಗೇಟಿನಲ್ಲಿ ಇಳಿಸಿ ಹೊರಡುವುದೂ ಸಲ್ಲದು. ಬಾಗಿಲು ತೆರೆಯುವವರೆಗೆ ಹೆಡ್‌ಲೈಟ್ ಉರಿಯುತ್ತಿರಬೇಕು.

ಕುಡಿದ ಮಕ್ಕಳ ಬಗ್ಗೆಯೂ ಹೇಳಿಬಿಡುತ್ತೇನೆ. 'ಕುಡಿದವರನ್ನು ಹತ್ತಿಸಿಕೊಳ್ಳಬೇಡಿ, ಬುದ್ಧಿ ಬರಲಿ' ಎಂದು ಒಬ್ಬರು ತಂದೆ ನನಗೆ ತಾಕೀತು ಮಾಡಿದ್ದರು. ನಾನು ಒಪ್ಪಲಿಲ್ಲ. ಹತ್ತಿಸಿಕೊಳ್ಳದಿದ್ದರೆ ಅವನು ಅಲ್ಲೇ ಕುಳಿತು ಬುದ್ಧಿ ಕಲಿಯುವುದಿಲ್ಲ. ಬೈಕಿನ ಕೀ ಹುಡುಕುತ್ತಾನೆ. ಮೊದಲು ಹತ್ತಿಸಿಕೊಳ್ಳಬೇಕಾದವನೇ ಅವನು. ಕಿಟಕಿ ಪಕ್ಕ ಕೂರಿಸಿ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತೇನೆ, ಮನೆಯವರ ಕೈಗೆ ಒಪ್ಪಿಸುತ್ತೇನೆ. ಬೈಯುವುದು, ಬಡಿಯುವುದು, ಹರಕೆ ಹೊರುವುದು ಅವರಿಗೆ ಬಿಟ್ಟಿದ್ದು. ಹುಡುಗರಿಗೆ ಮದ್ಯ ತಂದುಕೊಡುವ ದೊಡ್ಡವರ ಬಗ್ಗೆ ಪೊಲೀಸರು ಏನು ಮಾಡಬೇಕೋ ಮಾಡಲಿ, ಅದು ಬೇರೆಯೇ ಪತ್ರಕ್ಕೆ ಆಗುವಷ್ಟಿದೆ.

ನಮ್ಮವರ ಹುಳುಕನ್ನೂ ಹೇಳಬೇಕು. ಬೆಳಿಗ್ಗೆ ನಾಲ್ಕಕ್ಕೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿ ಸಂಜೆ ಮರಳಿದವನು ರಾತ್ರಿ ಮತ್ತೊಂದು ಬಾಡಿಗೆ ಬಂದರೆ ಬೇಡವೆನ್ನುವುದಿಲ್ಲ, ಸಾಲದ ಕಂತು ಹಾಗಿರುತ್ತದೆ. ದಿನಕ್ಕೆ ಎಂಟು ಗಂಟೆ ಎಂಬುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಸ್ಟ್ಯಾಂಡಿನಲ್ಲಿ ಅದನ್ನು ಓದಿದವರು ಕಡಿಮೆ. ಆದ್ದರಿಂದ ಗಾಡಿ ಗೊತ್ತುಮಾಡುವಾಗ ದರ ಕೇಳುವ ಮೊದಲು 'ಬೆಳಿಗ್ಗೆಯಿಂದ ಎಲ್ಲಿದ್ದಿರಿ' ಎಂದು ಕೇಳಿ. ಟೈರು ನೋಡಿ, ಎಫ್‌ಸಿ ತಾರೀಖು ನೋಡಿ. 2019ರಿಂದ ಹೊಸದಾಗಿ ನೋಂದಣಿಯಾದ ಹಳದಿ ಬೋರ್ಡಿನ ಗಾಡಿಗಳಲ್ಲಿ ಗಾಡಿ ಎಲ್ಲಿದೆ ಎಂದು ತೋರಿಸುವ ಸಾಧನ, ತುರ್ತು ಗುಂಡಿ ಕಡ್ಡಾಯ. ಆ ಗುಂಡಿ ಎಲ್ಲಿದೆ ತೋರಿಸಿ ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಸಿಟ್ಟು ಬರಬಾರದು. ಬಂದರೆ ಬೇರೆ ಗಾಡಿ ಹಿಡಿಯಿರಿ.

ಒಂದು ಕಾಲೇಜಿನಲ್ಲಿ ಈ ವಿಷಯ ಪ್ರಸ್ತಾಪಿಸಿದಾಗ 'ಗೇಟಿನ ಹೊರಗಿನದು ನಮ್ಮ ಜವಾಬ್ದಾರಿಯಲ್ಲ' ಎಂಬ ಉತ್ತರ ಬಂತು. ಪಾರ್ಟಿಯ ಜವಾಬ್ದಾರಿ ಬೇಡ, ಆಗಲಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ತೋರಿಸಲು ಪೋಷಕರನ್ನು ಹೇಗೂ ಕರೆಸುತ್ತೀರಿ. ಅದೇ ಸಭೆಯಲ್ಲಿ ಐದು ನಿಮಿಷ ಕೊಟ್ಟು, ಬಾಳೆಲೆ ಊರಿನ ಕಡೆಯವರು ಒಂದು ಗುಂಪು, ಶ್ರೀಮಂಗಲ ಕಡೆಯವರು ಒಂದು ಗುಂಪು ಎಂದು ಕೂರಿಸಿದರೆ ಸಾಕು. ಉಳಿದದ್ದನ್ನು ಅಮ್ಮಂದಿರು ನೋಡಿಕೊಳ್ಳುತ್ತಾರೆ. ಹನ್ನೆರಡು ಮನೆಗೆ ಹಂಚಿದರೆ ಬರುವ ಬಾಡಿಗೆ, ಆ ದಿನಕ್ಕೆಂದು ಹೊಲಿಸುವ ಬ್ಲೌಸಿನ ಹೊಲಿಗೆಗಿಂತ ಕಡಿಮೆ. ಹೋಂಸ್ಟೇ ಮಾಲೀಕರು ಬುಕಿಂಗ್ ತೆಗೆದುಕೊಳ್ಳುವಾಗಲೇ 'ಮಕ್ಕಳು ಹೇಗೆ ಹೋಗುತ್ತಾರೆ' ಎಂದು ಕೇಳಲಿ, ಡ್ರೈವರಿಗೆ ಕೂರಲು ಒಂದು ಜಾಗ, ಕುಡಿಯಲು ಒಂದು ಲೋಟ ಚಹಾ ಕೊಡಲಿ.

ಬಾಡಿಗೆಯನ್ನು ಮಾತ್ರ ಪೋಷಕರೇ ನೇರವಾಗಿ ಡ್ರೈವರಿಗೆ ಕೊಡಬೇಕು. ಮಕ್ಕಳ ಕೈಯಲ್ಲಿ ಕಳುಹಿಸಿದರೆ ನಡುರಾತ್ರಿ 'ದುಡ್ಡು ಕೊಡುವವರು ನಾವು, ಇರ್ಪು ಫಾಲ್ಸ್ ಕಡೆಗೆ ಒಂದು ರೌಂಡ್ ಹೋಗೋಣ' ಎಂಬ ಮಾತು ಬರುತ್ತದೆ. ಬಾಡಿಗೆಯನ್ನು ಅಪ್ಪನಿಂದ ಪಡೆದಿದ್ದರೆ ಆಗುವುದಿಲ್ಲ ಎಂದು ಹೇಳುವುದು ನಮಗೆ ಸುಲಭ.

ಇಂತಿ,
ಒಬ್ಬ ಬಾಡಿಗೆ ವಾಹನ ಚಾಲಕ
ಗೋಣಿಕೊಪ್ಪಲು, ಕೊಡಗು