ಈ ಸಲದ ಸೀಟುಗಳ ಹಿಂದೆ ನಿಂತವರಿಗೆ

ದಾವಣಗೆರೆ, ಹರಿಹರ, ಜಗಳೂರು ಕಡೆಯ ನಮ್ಮ ಮಕ್ಕಳ ಈ ವರ್ಷದ ಅಡ್ಮಿಶನ್ ಓಡಾಟ ಮುಗಿಯಿತು. ಬಿಇ, ಬಿ.ಎಸ್ಸಿ ಅಗ್ರಿ, ಡಿಪ್ಲೊಮಾ, ಐಟಿಐ ಎಂದು ಅವರವರ ಜಾಗ ಸೇರಿದ್ದಾರೆ. ಊರ ಬಾಗಿಲಿನ ಬ್ಯಾನರಿನಲ್ಲಿ ಮಕ್ಕಳ ಫೋಟೊ, ಅಂಕ ಎಲ್ಲ ಇದೆ. ಆ ಅಂಕ ಸೀಟಾಗುವವರೆಗೆ ಕಾಗದಪತ್ರ ಹಿಡಿದು ಜೊತೆಗೆ ನಿಂತವರು ಅಲ್ಲಿಲ್ಲ. ಮಾರ್ಗದರ್ಶನದ ಕೆಲಸ ಮಾಡುವ ನಮ್ಮೆಲ್ಲರ ಪರವಾಗಿ ಈ ಬರಹ ಅವರಿಗೆ.

ಮೊದಲ ನಮಸ್ಕಾರ ಹಳ್ಳಿ ಶಾಲೆಗಳ ಹೆಡ್‌ಮಾಸ್ಟರುಗಳಿಗೆ. ಸಿಇಟಿಯಲ್ಲಿ (ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಗ್ರಾಮೀಣ ಮೀಸಲಾತಿ ಕೇಳಬೇಕಾದರೆ 1ರಿಂದ 10ನೇ ತರಗತಿವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಲೆಕ್ಕ 10 ವರ್ಷವೇ. 4ನೇ ಕ್ಲಾಸಿನವರೆಗೆ ಊರ ಶಾಲೆ, 7ರವರೆಗೆ ಪಕ್ಕದೂರು, ಆಮೇಲೆ ಹೋಬಳಿಯ ಹೈಸ್ಕೂಲು ಎಂದಾದರೆ ಮೂರು ಕಡೆಯಿಂದ ವ್ಯಾಸಂಗ ಪ್ರಮಾಣಪತ್ರ ತರಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ, ಸೀಲು ಬೀಳಬೇಕು. ಒಂದು ಪತ್ರದಲ್ಲಿ ಒಂದು ಶೈಕ್ಷಣಿಕ ವರ್ಷ ಬಿಟ್ಟುಹೋದರೆ ಹತ್ತು ವರ್ಷ ಒಂಬತ್ತಾಗುತ್ತದೆ, ಮೀಸಲಾತಿ ಅಲ್ಲಿಗೇ ನಿಂತಿತು. ಇದನ್ನು ಬಲ್ಲ ಮೇಷ್ಟ್ರೊಬ್ಬರು ಹಳೆಯ ದಾಖಲಾತಿ ಪುಸ್ತಕವನ್ನು ಮೇಜಿನ ಮೇಲೆ ಹರಡಿ, ಸ್ಕೇಲು ಇಟ್ಟು ಸಾಲು ಹಿಡಿದು, ಪ್ರತಿ ವರ್ಷಕ್ಕೂ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಹಾಕುತ್ತಾ ಹತ್ತನ್ನೂ ಎಣಿಸಿದ ಮೇಲೆಯೇ ಸಹಿ ಮಾಡಿದರು. ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನ ಸಂಖ್ಯೆ ಹಾಕಿದರೆ ಓದಿನ ವಿವರ ತಾನಾಗಿ ಬರುವ ಕಾಲ ಇದು, ನಿಜ. ಆದರೆ ಅಲ್ಲಿ ತಪ್ಪು ಇದ್ದರೆ ತಿದ್ದಿಸಲು ಆಧಾರ ಇದೇ ಪುಸ್ತಕ.

ನಾಡಕಚೇರಿಯ ಆಪರೇಟರುಗಳಿಗೆ, ಗ್ರಾಮ ಆಡಳಿತಾಧಿಕಾರಿಗಳಿಗೆ ದೊಡ್ಡ ಋಣವಿದೆ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಇಲ್ಲದೆ ಜಾತಿ ಮೀಸಲಾತಿ ಕೇಳುವವರ ಅರ್ಜಿ ಮುಂದೆ ಹೋಗುವುದಿಲ್ಲ. ಆದಾಯದ ಪತ್ರಕ್ಕೆ 5 ವರ್ಷದ ಅವಧಿ. ಎಂಟನೇ ಕ್ಲಾಸಿನ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಸೆಕೆಂಡ್ ಪಿಯು ಮುಗಿಯುವ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಡಿಸೆಂಬರಿನಲ್ಲೇ ದಿನಾಂಕ ನೋಡಿ ಹೊಸದಕ್ಕೆ ಅರ್ಜಿ ಹಾಕಿಸಿದವರಿಂದ ಏಪ್ರಿಲ್-ಮೇ ತಿಂಗಳ ನೂಕುನುಗ್ಗಲು ತಪ್ಪಿತು. ಹರಪನಹಳ್ಳಿ ತಾಲ್ಲೂಕಿನಿಂದ ಬಂದು ದಾವಣಗೆರೆಯಲ್ಲಿ ಓದುವ ಮಕ್ಕಳಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ 371(ಜೆ) ಪ್ರಮಾಣಪತ್ರ ಬೇರೆಯೇ ಬೇಕು, ಅದು ಉಪವಿಭಾಗಾಧಿಕಾರಿಗಳ ಕಚೇರಿಯದು ಎಂದು ನೆನಪಿಸಿ ಕಳಿಸಿದ ಹಾಸ್ಟೆಲ್ ವಾರ್ಡನ್ನರಿಗೂ ಶರಣು.

ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನಿನಲ್ಲಿ ಸಾಲಾಗಿ ತುಂಬುವ ಆಪ್ಷನ್ ಎಂಟ್ರಿ ದಿನಗಳಲ್ಲಿ ಸಂಜೆ ಕ್ಲಾಸ್‌ರೂಮ್ ತೆರೆದಿಟ್ಟ ಲೆಕ್ಚರರುಗಳಿಗೆ, ಹಿಂದಿನ ಬ್ಯಾಚಿನ ಅಣ್ಣ-ಅಕ್ಕಂದಿರಿಗೆ ಏನು ಹೇಳಿದರೂ ಕಡಿಮೆಯೇ. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. 'ಸಿಗುವಂಥದ್ದನ್ನು ಮೊದಲು ಹಾಕೋಣ' ಎನ್ನುತ್ತಾರೆ. ಕಂಪ್ಯೂಟರು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಆ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನೇ ಕೊಟ್ಟುಬಿಡುತ್ತದೆ. ಅದರ ಕೆಳಗೆ ಬರೆದದ್ದೆಲ್ಲ ವ್ಯರ್ಥ. ಹಾಗಾಗಿ ಬೇಕಾದದ್ದು ಮೇಲೆ, ಸಿಗಬಹುದಾದದ್ದು ಕೆಳಗೆ. ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜು ಪಟ್ಟಿಯಲ್ಲೇ ಬೇಡ. ಈ ಸೀನಿಯರುಗಳು ಮೊದಲು ಬಿಳಿ ಹಾಳೆಯಲ್ಲಿ ಕಾಲೇಜು ಕೋಡು, ಬ್ರ್ಯಾಂಚ್ ಕೋಡು, ಹೋದ ವರ್ಷದ ಕಟ್ ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕು) ಮೂರನ್ನೂ ಬರೆಸಿ, ಮನೆಯವರಿಗೆ ಓದಿ ಹೇಳಿಸಿ, ಆಮೇಲೆ ಸ್ಕ್ರೀನ್ ಮುಟ್ಟಲು ಬಿಟ್ಟರು. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಎಂದರೆ ಇದೇ ಸಾಕು, ಚಾಯ್ಸ್ 2 ಎಂದರೆ ಇದು ಇರಲಿ, ಮೇಲಿನದಕ್ಕೂ ಕಾಯುತ್ತೇನೆ ಎಂಬುದನ್ನು ತಂದೆ-ತಾಯಿಗೆ ಬಿಡಿಸಿ ಹೇಳಿದರು. ಚಾಯ್ಸ್ 2ರಲ್ಲಿ ಮೇಲಿನ ಸೀಟು ಬಂದರೆ ಕೈಯಲ್ಲಿದ್ದದ್ದು ಹೋಗುತ್ತದೆ, ವಾಪಸು ಕೇಳುವಂತಿಲ್ಲ. ಇದನ್ನು ಮೊದಲೇ ತಿಳಿದು ಒತ್ತಿದವರ ಮನೆಯಲ್ಲಿ ಆಮೇಲೆ ಕಣ್ಣೀರಿಲ್ಲ.

ಹೊಲಮನೆಯ ಮಕ್ಕಳಿಗೆ ಪಿಯುಸಿಗೆ ಸೇರುವ ಮುಂಚೆಯೇ 'ಬಯಾಲಜಿ ಬಿಡಬೇಡಮ್ಮಾ' ಎಂದ ಸೈನ್ಸ್ ಟೀಚರುಗಳನ್ನು ಮರೆಯುವಂತಿಲ್ಲ. ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತೆಗೆದುಕೊಂಡರೆ ಬಿ.ಎಸ್ಸಿ ಅಗ್ರಿ, ನರ್ಸಿಂಗ್ ಬಾಗಿಲು ಅಲ್ಲೇ ಮುಚ್ಚುತ್ತದೆ. ಹಿರಿಯೂರಿನ ತೋಟಗಾರಿಕೆ ಕಾಲೇಜು ಕೈಗೆಟುಕುವಷ್ಟು ಹತ್ತಿರವಿದ್ದರೂ ದೂರವೇ.

ಡಿಪ್ಲೊಮಾ ಎಂದರೆ ಮುಖ ಸಣ್ಣಗೆ ಮಾಡುವ ಮನೆಗಳಿವೆ. ಎಸ್‌ಎಸ್‌ಎಲ್‌ಸಿಯಿಂದ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರ ಬಿಇ ಎರಡನೇ ವರ್ಷ. ಐಟಿಐ ಮಾಡಿದವರಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ದಾರಿಯಿದೆ. ಬಾಯಲ್ಲಿ ಹೇಳಿದರೆ ಮನೆಯವರು ನಂಬುವುದಿಲ್ಲ. ವರ್ಕ್‌ಶಾಪಿನ ಬೋಧಕರೊಬ್ಬರು ಅಪ್ಪಂದಿರನ್ನೇ ಲೇತ್ ಮುಂದೆ ನಿಲ್ಲಿಸಿ, ತಿರುವಿದ ಕಬ್ಬಿಣದ ತುಂಡನ್ನು ಇನ್ನೂ ಬೆಚ್ಚಗಿರುವಾಗಲೇ ಕೈಗೆ ಕೊಟ್ಟು, ವರ್ನಿಯರ್‌ನಲ್ಲಿ ಅಳೆದು ತೋರಿಸಿದರು. ಆ ತುಂಡನ್ನು ಒಬ್ಬರು ಜೇಬಿಗಿಟ್ಟುಕೊಂಡೇ ಊರಿಗೆ ಹೋದರು.

ಬ್ಯಾಂಕಿನ ಕೌಂಟರಿನವರಿಗೂ ವಂದನೆ. ವಿದ್ಯಾರ್ಥಿವೇತನ ಮಂಜೂರಾಗಿಯೂ ದುಡ್ಡು ಬಾರದಿದ್ದರೆ ಕಾರಣ ಬಹುತೇಕ ಎರಡೇ: ಖಾತೆಗೆ ಆಧಾರ್ ಸೀಡಿಂಗ್ (ಸರ್ಕಾರದ ದುಡ್ಡು ಬರಲು ಆಧಾರ್ ಜೋಡಿಸುವುದು) ಆಗಿಲ್ಲ, ಇಲ್ಲವೇ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿದೆ. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎಂದರೆ ಸೀಡಿಂಗ್ ಆಯಿತೆಂದಲ್ಲ. ಅದನ್ನು ತಾಳ್ಮೆಯಿಂದ ನೋಡಿ ಸರಿಮಾಡಿಕೊಟ್ಟಿರಿ.

ಮುಂದಿನ ಕೆಲಸಕ್ಕೆ ಬರುತ್ತೇವೆಂದು ಹೇಳಿದವರಿಗೆ ಈಗಲೇ ಧನ್ಯವಾದ. ಹತ್ತನೇ ಕ್ಲಾಸಿನ ಕರಡು ನಾಮಿನಲ್ ರೋಲ್ (ಪರೀಕ್ಷೆ ಬರೆಯುವವರ ವಿವರದ ಪಟ್ಟಿ) ಶಾಲೆಗೆ ಬಂದ ಕೂಡಲೇ ಕೂಡೋಣ. ಒಬ್ಬರು ಆಧಾರ್ ಓದಲಿ, ಇನ್ನೊಬ್ಬರು ಪಟ್ಟಿ ನೋಡಲಿ: ಹೆಸರು, ಇನಿಷಿಯಲ್ ಹಿಂದೆಯೋ ಮುಂದೆಯೋ, ತಂದೆ-ತಾಯಿ ಹೆಸರು, ಹುಟ್ಟಿದ ದಿನ. ಅಂಕಪಟ್ಟಿ ಅಚ್ಚಾಗುವ ಮುಂಚೆ ಹೆಡ್‌ಮಾಸ್ಟರೇ ತಿದ್ದಿಸಬಹುದು. ಕೆಂಪು ಪೆನ್ನು, ಸ್ಕೇಲು ತನ್ನಿ.